ಕಟ್ಟಡ ಕಾರ್ಮಿಕರ ಸಂಘದಿಂದ ಸಣ್ಣ ಗುತ್ತಿಗೆದಾರನಿಗೆ ಏನಾಗುತ್ತದೆ?

ಹತ್ತು ಹನ್ನೆರಡು ಆಳು ಇಟ್ಟುಕೊಂಡು ಮನೆ ಕಟ್ಟಿಕೊಡುವ ಮೇಸ್ತ್ರಿಯನ್ನು ‘ಯೂನಿಯನ್‌ನವರಿಂದ ನಿಮಗೇನಾದರೂ ತೊಂದರೆ ಆಗಿದೆಯಾ’ ಎಂದು ಕೇಳಿದರೆ, ಕರ್ನಾಟಕದ ಹೆಚ್ಚಿನ ಊರುಗಳಲ್ಲಿ ‘ನಮ್ಮ ಸೈಟಿಗೆ ಯಾವ ಯೂನಿಯನ್ನೂ ಬರೋದಿಲ್ಲ ಸಾರ್’ ಎಂಬ ಉತ್ತರವೇ ಸಿಗುತ್ತದೆ. ಅದು ಸುಳ್ಳಲ್ಲ. ಆದರೆ ಅವರ ಆಳುಗಳಲ್ಲಿ ನಾಲ್ಕೈದು ಜನರ ಹತ್ತಿರ ಸರ್ಕಾರದ ಕಲ್ಯಾಣ ಮಂಡಳಿಯ ಕಾರ್ಮಿಕ ಕಾರ್ಡ್ ಇರುತ್ತದೆ, ಅದನ್ನು ಮಾಡಿಸಿಕೊಟ್ಟದ್ದು ಊರಿನ ಯಾವುದೋ ಕಟ್ಟಡ ಕಾರ್ಮಿಕರ ಸಂಘವಾಗಿರುತ್ತದೆ. ಅದೇ ಮೇಸ್ತ್ರಿ ಸರ್ಕಾರಿ ಶಾಲೆಯ ಕಾಂಪೌಂಡ್ ಕೆಲಸ ಹಿಡಿದರೆ ಬಿಲ್ಲಿನಲ್ಲಿ ಕಾರ್ಮಿಕರ ಕಲ್ಯಾಣಕ್ಕೆಂದು ಶೇ 1ರಷ್ಟು ಸೆಸ್ ಹಿಡಿದುಕೊಂಡಿರುತ್ತಾರೆ, ಆ ಸೆಸ್ ಹುಟ್ಟಿದ್ದು ಸಂಘಟನೆಗಳ ಹೋರಾಟದಿಂದ. ಸಾರುವೆಯಿಂದ ಆಳು ಬಿದ್ದು ತೀರಿಕೊಂಡರೆ, ಅವನ ಹೆಂಡತಿಯ ಪರವಾಗಿ ಪರಿಹಾರದ ಅರ್ಜಿ ಬರೆಸುವವರೂ ಅನೇಕ ಸಲ ಸಂಘದವರೇ. ಸಂಘ ಸೈಟಿಗೆ ಕಾಲಿಡದಿದ್ದರೂ ಅದರ ಪರಿಣಾಮ ಸೈಟನ್ನು ಮುಟ್ಟುತ್ತದೆ. ಯಾವ ದಾರಿಯಲ್ಲಿ ಮುಟ್ಟುತ್ತದೆ, ಸಣ್ಣ ಗುತ್ತಿಗೆದಾರನಿಗೆ ಅದರಿಂದ ಎಷ್ಟು ಹೊರೆ, ಎಷ್ಟು ಆಸರೆ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ. ಸಂಘಗಳ ಬಗ್ಗೆ ಗುತ್ತಿಗೆದಾರರಲ್ಲಿ ಇರುವ ಭಯದಲ್ಲಿ ಬಹುಪಾಲು ತಪ್ಪು ದಿಕ್ಕಿನದು ಎಂಬುದು ನನ್ನ ಅಭಿಪ್ರಾಯ.

ಶನಿವಾರದ ಬಟವಾಡೆ

ಮೊದಲು ಈ ಸಣ್ಣ ಉದ್ಯಮ ನಡೆಯುವ ಬಗೆಯನ್ನು ನೋಡೋಣ. ದೊಡ್ಡ ಕಟ್ಟಡವಾದರೆ ಮೇಲೆ ಬಿಲ್ಡರ್, ಅವರ ಕೆಳಗೆ ಮುಖ್ಯ ಗುತ್ತಿಗೆದಾರ, ಅವರಿಂದ ಸೆಂಟ್ರಿಂಗ್, ಬಾರ್ ಬೆಂಡಿಂಗ್, ಗಾರೆ, ಟೈಲ್ಸ್, ಪೇಂಟಿಂಗ್, ಪ್ಲಂಬಿಂಗ್ ಕೆಲಸಗಳನ್ನು ಬೇರೆ ಬೇರೆಯಾಗಿ ಹಿಡಿದ ಉಪಗುತ್ತಿಗೆದಾರರು, ಅವರ ಕೆಳಗೆ ಮೇಸ್ತ್ರಿಗಳು, ಕೊನೆಗೆ ಆಳುಗಳು. ಸ್ವಂತ ಮನೆಯಾದರೆ ಈ ಏಣಿ ಚಿಕ್ಕದು, ಮನೆ ಕಟ್ಟಿಸುವವರು ಮತ್ತು ಮೇಸ್ತ್ರಿ ನೇರವಾಗಿ ಮಾತಾಡಿಕೊಳ್ಳುತ್ತಾರೆ. ದರ ಚದರದ ಲೆಕ್ಕದಲ್ಲಿ, ಲೇಬರ್ ಕಾಂಟ್ರಾಕ್ಟ್ ಆದರೆ ಒಂದು ದರ, ಮಟೀರಿಯಲ್ ಸಮೇತ ಆದರೆ ಇನ್ನೊಂದು. ಮಾತು ಬಹಳ ಸಲ ಬಾಯಿಮಾತೇ. ಇಂಥ ಮೇಸ್ತ್ರಿಗಳಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ತಾವೇ ಬಾಂಡ್ಲಿ ಹೊತ್ತವರು, ಕರಣೆ ಹಿಡಿದವರು.

ಲೆಕ್ಕಕ್ಕೆಂದು ಒಂದು ತಂಡ ಇಟ್ಟುಕೊಳ್ಳೋಣ. ದಿನಕ್ಕೆ 1,000 ರೂಪಾಯಿಯ ಗಾರೆಯವರು ನಾಲ್ವರು, 700 ರೂಪಾಯಿಯ ಆಳುಗಳು ಎಂಟು ಜನ. ದಿನಕ್ಕೆ 9,600, ಆರು ದಿನಕ್ಕೆ 57,600. ಶನಿವಾರ ಸಂಜೆ ಈ ಹಣ ಕೈಯಲ್ಲಿರಲೇಬೇಕು, ಇಲ್ಲದಿದ್ದರೆ ಸೋಮವಾರ ಅರ್ಧ ಗ್ಯಾಂಗ್ ಬೇರೆ ಸೈಟಿನಲ್ಲಿರುತ್ತದೆ. ಮೇಲಿನಿಂದ ಬರುವ ಬಿಲ್ ಮಾತ್ರ ಶನಿವಾರವನ್ನು ನೋಡಿಕೊಂಡು ಬರುವುದಿಲ್ಲ. ತಾರಸಿಯ ಮೋಲ್ಡ್ ಮುಗಿದ ಮೇಲೆ, ಇಂಜಿನಿಯರ್ ಅಳತೆ ತೆಗೆದ ಮೇಲೆ, ಬಿಲ್ಡರಿಗೆ ದುಡ್ಡು ಬಂದ ಮೇಲೆ ಅದು ಬರುತ್ತದೆ. ಈ ನಡುವಿನ ಅಂತರವನ್ನು ಮೇಸ್ತ್ರಿ ಕೈಸಾಲದಿಂದ, ಹೆಂಡತಿಯ ಒಡವೆ ಅಡವಿಟ್ಟು ತುಂಬುತ್ತಾನೆ. ಕೂಲಿ ಶೇ 10ರಷ್ಟು ಹೆಚ್ಚಾದರೆ ಈ ತಂಡಕ್ಕೆ ವಾರಕ್ಕೆ 5,760 ರೂಪಾಯಿ ಹೆಚ್ಚು ಹೋಗುತ್ತದೆ. ಚದರದ ದರ ಮೊದಲೇ ಮಾತಾಗಿರುವುದರಿಂದ ಅಷ್ಟೂ ಅವನ ಕೈಯಿಂದಲೇ ಹೋಗಬೇಕು. ಸಂಘ ಎಂದರೆ ಕೂಲಿ ಏರಿಕೆ ಎಂದುಕೊಂಡವರು ಬೆದರುವುದು ಈ ಲೆಕ್ಕಕ್ಕೆ.

ಕರ್ನಾಟಕದ ಸೈಟುಗಳಲ್ಲಿ ಆ ಕೂಲಿಯನ್ನು ಸಂಘ ಕೂತು ನಿಗದಿ ಮಾಡಿದ್ದು ಬಹಳ ಅಪರೂಪ. ಅದನ್ನು ನಿಗದಿ ಮಾಡುವುದು ಆಳಿನ ಅಭಾವ. ಊರಲ್ಲಿ ಬಿತ್ತನೆ, ಕಟಾವು, ಜಾತ್ರೆ ಬಂದಾಗ ಜನ ಸಿಗುವುದಿಲ್ಲ, ಪಕ್ಕದ ಮೇಸ್ತ್ರಿ ಐವತ್ತು ರೂಪಾಯಿ ಹೆಚ್ಚು ಕೊಟ್ಟರೆ ಆಳು ಅತ್ತ ಹೋಗುತ್ತಾನೆ. ನಾಲ್ಕು ತಿಂಗಳಲ್ಲಿ ಮುಗಿಯುವ ಕೆಲಸದಲ್ಲಿ ಮುಷ್ಕರ ಹೂಡುವುದಕ್ಕಿಂತ ಹೀಗೆ ಬಿಟ್ಟು ಹೋಗುವುದೇ ಆಳಿಗೆ ಸುಲಭ.

ಗೇಟಿಲ್ಲದ ಕಾರ್ಖಾನೆ

ಕಾರ್ಖಾನೆಯಲ್ಲಿ ಸಂಘ ಕಟ್ಟುವುದಕ್ಕೂ ಕಟ್ಟಡ ಕೆಲಸದಲ್ಲಿ ಕಟ್ಟುವುದಕ್ಕೂ ಅಜಗಜಾಂತರ. ಕಾರ್ಖಾನೆಗೆ ಗೇಟಿದೆ, ಒಬ್ಬ ಮಾಲೀಕನಿದ್ದಾನೆ, ಇವತ್ತು ಇದ್ದ ಕಾರ್ಮಿಕ ಮುಂದಿನ ವರ್ಷವೂ ಅಲ್ಲಿಯೇ ಇರುತ್ತಾನೆ. 1926ರ ಕಾರ್ಮಿಕ ಸಂಘಗಳ ಕಾಯ್ದೆ ಇಂಥ ಲೋಕವನ್ನು ಕಣ್ಣ ಮುಂದೆ ಇಟ್ಟುಕೊಂಡು ಬಂದದ್ದು. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದಿತ್ತು. ನಂತರದ ತಿದ್ದುಪಡಿಯಲ್ಲಿ, ಕಾರ್ಮಿಕರ ಸಂಘವಾದರೆ ಆ ಸಂಸ್ಥೆಯ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು ಎಂಬ ಷರತ್ತು ಸೇರಿತು. ಕಟ್ಟಡ ಕೆಲಸದಲ್ಲಿ ಆಳಿಗೆ ಇವತ್ತು ಒಬ್ಬ ಮಾಲೀಕ, ಮುಂದಿನ ವಾರ ಇನ್ನೊಬ್ಬ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಬಂದವರು ಸೈಟಿನ ಶೆಡ್ಡಿನಲ್ಲಿ ಇದ್ದು, ಕೆಲಸ ಮುಗಿದ ಕೂಡಲೇ ಗಂಟು ಕಟ್ಟುತ್ತಾರೆ. ಯಾರ ಎದುರು ಕೂತು ಚೌಕಾಸಿ ಮಾಡುವುದು? ಮೇಸ್ತ್ರಿಯ ಎದುರು ಕೂತರೆ ಅವನ ಹತ್ತಿರ ಕೊಡಲು ಏನೂ ಇರುವುದಿಲ್ಲ, ಬಿಲ್ಡರ್ ಎದುರು ಕೂರಲು ಹೋದರೆ ‘ಇವರು ನನ್ನ ಕೆಲಸಗಾರರಲ್ಲ’ ಎನ್ನುತ್ತಾರೆ.

ಸಂಘಟನೆಗಳು ಇದಕ್ಕೆ ಕಂಡುಕೊಂಡ ಉತ್ತರ, ಸರ್ಕಾರವನ್ನು ಎದುರಿಗೆ ಕೂರಿಸುವುದು. ಮಹಾರಾಷ್ಟ್ರದಲ್ಲಿ ಹಮಾಲರಿಗಾಗಿ 1969ರಲ್ಲಿ ಮಾಥಾಡಿ ಕಾಯ್ದೆ ಬಂದಿತ್ತು. ಕಾರ್ಮಿಕರು, ಮಾಲೀಕರು, ಸರ್ಕಾರ ಮೂವರೂ ಇರುವ ಮಂಡಳಿ, ಕಾರ್ಮಿಕನೂ ಮಾಲೀಕನೂ ಅದರಲ್ಲಿ ನೋಂದಣಿ, ಕೂಲಿ ಹೋಗುವುದೂ ಮಂಡಳಿಯ ಮೂಲಕ. ಕೇರಳದಲ್ಲಿ 1978ರಲ್ಲಿ ತಲೆಹೊರೆ ಕಾರ್ಮಿಕರ ಕಾಯ್ದೆ ಬಂತು, ತಮಿಳುನಾಡಿನಲ್ಲಿ 1982ರಲ್ಲಿ ದೈಹಿಕ ಶ್ರಮದ ಕಾರ್ಮಿಕರ ಕಾಯ್ದೆ. ಅದೇ ದಶಕದಲ್ಲಿ ಕಟ್ಟಡ ಕಾರ್ಮಿಕರ ಸಂಘಟನೆಗಳು ದೇಶಮಟ್ಟದ ಪ್ರಚಾರ ಸಮಿತಿ ಕಟ್ಟಿಕೊಂಡು, ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ನೇತೃತ್ವದಲ್ಲಿ, ಕೇಂದ್ರ ಕಾಯ್ದೆಯೇ ಬೇಕೆಂದು ಹೋರಾಡಿದವು. ಅವರು ಕೇಳಿದ್ದು ಕೆಲಸ ಹಂಚುವ, ಕೂಲಿ ಖಾತ್ರಿ ಮಾಡುವ ತ್ರಿಪಕ್ಷೀಯ ಮಂಡಳಿ. 1996ರಲ್ಲಿ ಸಂಸತ್ತು ಕೊಟ್ಟದ್ದು ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆ ಹಾಗೂ ಅದರ ಜೊತೆಗೆ ಸೆಸ್ ಕಾಯ್ದೆ. ಕೆಲಸ ಹಂಚುವ ಅಧಿಕಾರ ಅದರಲ್ಲಿರಲಿಲ್ಲ, ಕಲ್ಯಾಣ ನಿಧಿ ಇತ್ತು.

ಸಣ್ಣ ಗುತ್ತಿಗೆದಾರನ ಪಾಲಿಗೆ ಇಲ್ಲಿಂದ ದಾರಿ ಕವಲೊಡೆಯಿತು. ಕೆಲಸವನ್ನೇ ಹಂಚುವ ಸಂಘ ಅವನ ದಿನದ ಖರ್ಚನ್ನು ನೇರವಾಗಿ ಮುಟ್ಟುತ್ತದೆ. ಕಲ್ಯಾಣ ನಿಧಿಗಾಗಿ ದುಡಿಯುವ ಸಂಘ ಅವನನ್ನು ಸೆಸ್, ಸರ್ಟಿಫಿಕೇಟು, ಅರ್ಜಿಗಳ ಮೂಲಕ ಮುಟ್ಟುತ್ತದೆ. ಮೊದಲನೆಯದನ್ನು ನೋಡಲು ಕೇರಳದ ಗಡಿಯ ತಲಪಾಡಿ ದಾಟಿದರೆ ಸಾಕು.

ತಲಪಾಡಿಯ ಆಚೆ

ಮಂಗಳೂರಿನ ಟೈಲ್ಸ್ ಗುತ್ತಿಗೆದಾರರೊಬ್ಬರು ಕಾಸರಗೋಡಿನಲ್ಲಿ ಒಂದು ಅಂಗಡಿ ಸಾಲಿನ ಕೆಲಸ ಹಿಡಿದರು ಎಂದುಕೊಳ್ಳಿ. ಲಾರಿ ಬಂದು ನಿಂತಾಗ ಇಳಿಸುವುದಕ್ಕೆ ಅವರ ಸ್ವಂತ ಆಳುಗಳು ಸಿದ್ಧರಿದ್ದಾರೆ. ಕೇರಳದ ಕಾಯ್ದೆ ಜಾರಿಯಿರುವ ಪ್ರದೇಶದಲ್ಲಿ ಆ ಕೆಲಸ ನೋಂದಾಯಿತ ತಲೆಹೊರೆ ಕಾರ್ಮಿಕರಿಗೆ ಸೇರಿದ್ದು. ಅವರ ಗುಂಪುಗಳು ಸಿಐಟಿಯು, ಐಎನ್‌ಟಿಯುಸಿ, ಬಿಎಂಎಸ್ ಹೀಗೆ ಎಲ್ಲ ರಾಜಕೀಯ ಬಣ್ಣದ ಸಂಘಗಳಲ್ಲೂ ಇವೆ. ಇಳಿಸುವ ದರ ಮೊದಲೇ ನಿಗದಿಯಾಗಿರುತ್ತದೆ. ಗುತ್ತಿಗೆದಾರ ತನ್ನವರಿಂದಲೇ ಇಳಿಸಬೇಕೆಂದರೆ ಅವರಿಗೂ ಆ ಕಾಯ್ದೆಯಡಿ ನೋಂದಣಿ ಬೇಕು. ಮನೆಯವರು ತಮ್ಮ ಮನೆಬಳಕೆಯ ಸಾಮಾನು ಇಳಿಸಿಕೊಳ್ಳುವುದಕ್ಕೆ ಈ ಕಟ್ಟು ಇಲ್ಲ, ವ್ಯಾಪಾರದ ಸೈಟಿಗೆ ಇದೆ.

ಈ ವ್ಯವಸ್ಥೆ ಬಂದದ್ದಕ್ಕೆ ಕಾರಣವಿತ್ತು. ಬೆನ್ನು ಬಾಗುವವರೆಗೆ ಚೀಲ ಹೊತ್ತವನಿಗೆ ವಯಸ್ಸಾದ ಮೇಲೆ ಗತಿ ಇರಲಿಲ್ಲ, ಒಂದೇ ಲಾರಿಗೆ ಮೂರು ಗುಂಪು ಮುಗಿಬಿದ್ದು ಒಬ್ಬರಿಗಿಂತ ಒಬ್ಬರು ಕಡಿಮೆ ಕೂಲಿಗೆ ಇಳಿಸುವ ಸ್ಥಿತಿ ಇತ್ತು. ಕಾಯ್ದೆ ಅದಕ್ಕೆ ದರ, ನಿಧಿ, ಸರದಿ ತಂದಿತು. ಆದರೆ ಅದೇ ಸರದಿ ಕೆಲವು ಕಡೆ ‘ನೋಕ್ಕುಕೂಲಿ’ಯಾಗಿ ಕೆಟ್ಟಿತು. ಯಂತ್ರದಿಂದ ಇಳಿಸಿದರೂ, ಗುತ್ತಿಗೆದಾರನ ಆಳುಗಳೇ ಇಳಿಸಿದರೂ, ಪಕ್ಕದಲ್ಲಿ ನಿಂತು ನೋಡಿದವರು ಕೂಲಿ ಕೇಳುವ ಪದ್ಧತಿ ಅದು. ಕೇರಳ ಸರ್ಕಾರ 2018ರ ಮೇ 1ರಿಂದ ಅದನ್ನು ನಿಷೇಧಿಸಿತು, 2021ರಲ್ಲಿ ಕೇರಳ ಹೈಕೋರ್ಟ್ ಇದನ್ನು ಬೇರುಸಹಿತ ಕೀಳಬೇಕು ಎಂದು ಕಟುವಾಗಿಯೇ ಹೇಳಿತು.

ಇಲ್ಲಿ ಪೆಟ್ಟು ಬೀಳುವುದು ಹೆಚ್ಚಾಗಿ ಸಣ್ಣವರಿಗೆ ಎಂಬುದು ಗಮನಿಸಬೇಕಾದ ಸಂಗತಿ. ದೊಡ್ಡ ಬಿಲ್ಡರ್ ಇಡೀ ಪ್ರಾಜೆಕ್ಟಿಗೆ ಒಂದು ಒಪ್ಪಂದ ಮಾಡಿಕೊಳ್ಳುತ್ತಾನೆ, ರೆಡಿಮಿಕ್ಸ್ ತರಿಸುತ್ತಾನೆ, ಕ್ರೇನ್ ಇಟ್ಟುಕೊಳ್ಳುತ್ತಾನೆ. ಸಣ್ಣ ಗುತ್ತಿಗೆದಾರನಿಗೆ ವಾರಕ್ಕೆ ಎರಡು ಅರೆ ಲಾರಿ ಬರುತ್ತವೆ, ಪ್ರತಿ ಸಲವೂ ಅವನೊಬ್ಬನೇ ನಿಂತು ಮಾತಾಡಬೇಕು. ಕ್ರಮಬದ್ಧ ದರವನ್ನು ಅವನು ಕೊಟೇಶನ್ನಿನಲ್ಲಿ ಸೇರಿಸಿಕೊಳ್ಳಬಲ್ಲ, ಯಾವಾಗ ಎಷ್ಟು ಕೇಳುತ್ತಾರೋ ಗೊತ್ತಿಲ್ಲದ ಹಣವನ್ನು ಸೇರಿಸಿಕೊಳ್ಳಲಾರ. ಹೆಚ್ಚಿನ ಕೂಲಿಗಿಂತ ಅನಿಶ್ಚಿತ ಕೂಲಿ ಸಣ್ಣ ಉದ್ಯಮಕ್ಕೆ ಅಪಾಯ. ನೋಕ್ಕುಕೂಲಿಯನ್ನು ನಾನು ವಿರೋಧಿಸುವುದು ಈ ಕಾರಣಕ್ಕೆ, ಮತ್ತು ದುಡಿಯದೆ ಪಡೆದ ಹಣ ದುಡಿದು ತಿನ್ನುವ ತಲೆಹೊರೆ ಕಾರ್ಮಿಕರ ಹೆಸರನ್ನೂ ಕೆಡಿಸಿದ ಕಾರಣಕ್ಕೆ.

ಅಮೆರಿಕದ ಬಗ್ಗೆಯೂ ಒಂದು ಮಾತು, ಏಕೆಂದರೆ ಸಂಘ ಮತ್ತು ಸಣ್ಣ ಗುತ್ತಿಗೆದಾರರ ಕುರಿತು ಅಂತರ್ಜಾಲದಲ್ಲಿ ಸಿಗುವ ಬರಹಗಳಲ್ಲಿ ಬಹಳಷ್ಟು ಅಲ್ಲಿಯವು. ಅಲ್ಲಿ ಸಣ್ಣ ಎಲೆಕ್ಟ್ರಿಕಲ್ ಅಥವಾ ಪ್ಲಂಬಿಂಗ್ ಗುತ್ತಿಗೆದಾರ ಸಂಘದ ಜೊತೆ ಒಪ್ಪಂದಕ್ಕೆ ಸಹಿ ಮಾಡಿದರೆ, ಸಂಘದ ಹೈರಿಂಗ್ ಹಾಲ್‌ನಿಂದ ತರಬೇತಾದ ಕೆಲಸಗಾರ ಬರುತ್ತಾನೆ. ಬದಲಿಗೆ ಗುತ್ತಿಗೆದಾರ ಹೆಚ್ಚಿನ ಕೂಲಿಯ ಜೊತೆ ಆರೋಗ್ಯ ನಿಧಿಗೆ, ಪಿಂಚಣಿಗೆ, ತರಬೇತಿಗೆ ಗಂಟೆಯ ಲೆಕ್ಕದಲ್ಲಿ ಹಣ ಕಟ್ಟುತ್ತಾನೆ. ಆಳು ಹುಡುಕುವ, ಕಲಿಸುವ ತಲೆನೋವು ಸಂಘದ್ದು. ನಮ್ಮಲ್ಲಿ ಆ ಕೆಲಸ ಮಾಡುವುದು ಬೆಳಗಿನ ಎಂಟು ಗಂಟೆಗೆ ಜನ ಕೂಲಿಗೆ ನಿಲ್ಲುವ ಸರ್ಕಲ್ ಮತ್ತು ಮೇಸ್ತ್ರಿಯ ಊರಿನ ನೆಂಟಸ್ತಿಕೆ. ಆ ಬರಹಗಳ ಲಾಭನಷ್ಟದ ಪಟ್ಟಿಯನ್ನು ಇಲ್ಲಿಗೆ ಹಾಗೇ ತಂದರೆ ಒಂದೂ ಹೊಂದುವುದಿಲ್ಲ.

ಕಾರ್ಡು, ಸಹಿ, ಸೆಸ್

ಕರ್ನಾಟಕದಲ್ಲಿ 1996ರ ಕಾಯ್ದೆಗೆ ನಿಯಮಗಳು ಬಂದದ್ದು 2006ರಲ್ಲಿ, ಕಲ್ಯಾಣ ಮಂಡಳಿ ರಚನೆಯಾದದ್ದು 2007ರಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯ್ದೆ ಕಾಗದದಲ್ಲೇ ಇತ್ತು, ಅದನ್ನು ಜಾರಿಗೆ ತರಿಸಲು ಬೀದಿಗಿಳಿದವರು ಸಂಘಟನೆಗಳೇ. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಪಿಂಚಣಿ, ಹೆರಿಗೆ, ಮದುವೆ, ಮಕ್ಕಳ ಓದು, ಆಸ್ಪತ್ರೆ ಖರ್ಚು, ಅಪಘಾತ, ಸಾವು ಇವುಗಳಿಗೆ ಅದರಿಂದ ನೆರವು ಸಿಗುತ್ತದೆ. ಕೊರೊನಾದ ಮೊದಲ ಲಾಕ್‌ಡೌನ್‌ನಲ್ಲಿ ನೋಂದಾಯಿತ ಕಾರ್ಮಿಕರ ಖಾತೆಗೆ 5,000 ರೂಪಾಯಿ ಬಂದದ್ದೂ ಈ ನಿಧಿಯಿಂದಲೇ.

90 ದಿನ ಕೆಲಸ ಮಾಡಿದ್ದಕ್ಕೆ ಯಾರಾದರೂ ಸಹಿ ಹಾಕಬೇಕಲ್ಲ, ಆಗ ಮೇಸ್ತ್ರಿಯ ಸಂಕಟ ಶುರುವಾಗುತ್ತದೆ. ಕೆಲಸ ಕೊಟ್ಟವನ ಸಹಿ ನಡೆಯುತ್ತದೆ, ನೋಂದಾಯಿತ ಸಂಘದ ಪ್ರಮಾಣಪತ್ರವೂ ನಡೆಯುತ್ತದೆ. ಮೇಸ್ತ್ರಿ ಸಹಿ ಹಾಕಿದರೆ ‘ಇವನು ನನ್ನ ಕೆಲಸಗಾರ’ ಎಂದು ಬರೆದುಕೊಟ್ಟ ಹಾಗಾಗುತ್ತದೆ. ನಾಳೆ ಪಿಎಫ್, ಕನಿಷ್ಠ ಕೂಲಿ, ಪರಿಹಾರ ಎಂದು ಯಾರಾದರೂ ಬಂದರೆ ಆ ಕಾಗದ ತನ್ನ ವಿರುದ್ಧವೇ ಸಾಕ್ಷಿಯಾಗುತ್ತದೆ ಎಂಬ ಅಂಜಿಕೆ. ಹಾಗಾಗಿ ‘ಸಂಘದವರ ಹತ್ತಿರ ಮಾಡಿಸಿಕೋ ಹೋಗು’ ಎಂದು ಕಳುಹಿಸುತ್ತಾನೆ. ಸಂಘದ ಬಲ ಅರ್ಧ ಬೆಳೆದದ್ದೇ ಗುತ್ತಿಗೆದಾರರ ಈ ಹಿಂಜರಿಕೆಯಿಂದ.

ಇದರ ಕೆಟ್ಟ ಮುಖವನ್ನೂ ಹೇಳಬೇಕು. ಕಾರ್ಡು ಸಿಕ್ಕರೆ ಸವಲತ್ತು ಸಿಗುತ್ತದೆ ಎಂದಾಗ, ಇಟ್ಟಿಗೆಯನ್ನೇ ಮುಟ್ಟದವರಿಗೂ ಕಾರ್ಡು ಮಾಡಿಸಿಕೊಡುವ ದಲ್ಲಾಳಿಗಳು ಹುಟ್ಟಿಕೊಂಡರು. ಕೆಲವರು ಸಂಘದ ಹೆಸರನ್ನೇ ಬಳಸಿಕೊಂಡರು. ಕಾರ್ಮಿಕ ಇಲಾಖೆ ಬೋಗಸ್ ಕಾರ್ಡುಗಳ ರದ್ದತಿಗೆ ಇಳಿದಾಗ ನಿಯಮ ಬಿಗಿಯಾಯಿತು, ಹಾಜರಿ ಪುಸ್ತಕ ಇಲ್ಲ, ಫೋಟೊ ಇಲ್ಲ ಎಂದು ನಿಜವಾದ ಗಾರೆ ಕೆಲಸದವರ ಅರ್ಜಿಗಳೂ ಹಿಂದೆ ಬಂದವು. ಪ್ರಾಮಾಣಿಕವಾಗಿ ನಡೆಯುವ ಸಂಘಗಳೇ ಇದನ್ನು ಮೊದಲಿನಿಂದ ವಿರೋಧಿಸಬೇಕಿತ್ತು. ಕೆಲವು ವಿರೋಧಿಸಿದವು, ಎಲ್ಲವೂ ಅಲ್ಲ.

ಸ್ವತಃ ಮೇಸ್ತ್ರಿಗೆ ಈ ಕಾಯ್ದೆಯಲ್ಲಿ ಜಾಗವೆಲ್ಲಿ? ಮೇಲ್ವಿಚಾರಣೆ ಮಾಡುವ, ತಿಂಗಳಿಗೆ 1,600 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವವನು ‘ಕಟ್ಟಡ ಕಾರ್ಮಿಕ’ ಅಲ್ಲ ಎಂದು 1996ರ ಕಾಯ್ದೆಯ ವ್ಯಾಖ್ಯೆ ಹೇಳಿತು. ಆ ಮೊತ್ತ ಇಂದಿನ ಎರಡು ದಿನದ ಕೂಲಿ. ಬೆಳಗ್ಗೆ ಆಳುಗಳಿಗೆ ಕೆಲಸ ಹಚ್ಚಿ, ಮಧ್ಯಾಹ್ನದಿಂದ ತಾನೇ ಪ್ಲಾಸ್ಟರಿಂಗ್ ಹಿಡಿಯುವ ಮೇಸ್ತ್ರಿ ಕಾರ್ಮಿಕನೋ ಮಾಲೀಕನೋ ಎಂಬುದಕ್ಕೆ ಸೈಟಿನಲ್ಲಿ ಸ್ಪಷ್ಟ ಉತ್ತರವಿಲ್ಲ. ಸೌಲಭ್ಯ ಕೇಳಲು ಹೋದರೆ ಅವನು ಮಾಲೀಕ, ಬಿಲ್ಡರ್ ಆಫೀಸಿನಲ್ಲಿ ಬಿಲ್ಲಿಗೆ ಕಾಯುವಾಗ ಅವನು ಕೂಲಿಯವನಿಗಿಂತ ಕಡೆ.

ಇನ್ನು ಸೆಸ್. ಕಟ್ಟಡದ ವೆಚ್ಚದ ಮೇಲೆ ಶೇ 1, ಅದರಲ್ಲಿ ಜಾಗದ ಬೆಲೆ ಸೇರುವುದಿಲ್ಲ. ಖಾಸಗಿ ಕಟ್ಟಡಕ್ಕೆ ಸಾಮಾನ್ಯವಾಗಿ ನಕ್ಷೆ ಮಂಜೂರಾತಿಯ ಹೊತ್ತಿಗೆ ಸ್ಥಳೀಯ ಸಂಸ್ಥೆ ಕಟ್ಟಿಸಿಕೊಳ್ಳುತ್ತದೆ, ಸರ್ಕಾರಿ ಕಾಮಗಾರಿಯಲ್ಲಿ ಬಿಲ್ಲಿನಲ್ಲೇ ಹಿಡಿಯುತ್ತಾರೆ. 10 ಲಕ್ಷದ ಬಿಲ್ಲಿಗೆ 10,000. ದೊಡ್ಡ ಕಂಪನಿ ಟೆಂಡರಿನಲ್ಲೇ ಇದನ್ನು ಲೆಕ್ಕಕ್ಕೆ ಹಿಡಿದಿರುತ್ತದೆ. ಮೊದಲ ಸಲ ಪಂಚಾಯಿತಿ ಕೆಲಸ ಹಿಡಿದವನಿಗೆ ಕಡಿತ ಕಾಣುವುದು ಚೆಕ್ ಬಂದ ಮೇಲೆ. ಅವನಿಗೆ ಅದು ಸಂಘದವರ ಕಾಟವಾಗಿ ಕಂಡರೆ ಆಶ್ಚರ್ಯವಿಲ್ಲ.

ಆದರೆ ಆ ಶೇ 1 ಅವನ ಹೆಗಲಿನಿಂದ ಏನನ್ನು ಇಳಿಸುತ್ತದೆ ಎಂಬುದನ್ನೂ ಎಣಿಸಬೇಕು. ಆಳಿನ ಮಗಳ ಮದುವೆ, ಹೆಂಡತಿಯ ಹೆರಿಗೆ, ತಾಯಿಯ ಆಪರೇಷನ್, ಇವೆಲ್ಲಕ್ಕೂ ಮೊದಲು ಕೈ ಚಾಚುತ್ತಿದ್ದದ್ದು ಮೇಸ್ತ್ರಿಯ ಮುಂದೆಯೇ. ಯುಗಾದಿಗೆ ಕೊಟ್ಟ ಅಡ್ವಾನ್ಸ್ ತೀರುವ ಮೊದಲೇ ಇನ್ನೊಂದು ಅಡ್ವಾನ್ಸ್. ಆಳು ಬಿಟ್ಟು ಹೋದರೆ ಹಣವೂ ಹೋಯಿತು, ಹಣಕ್ಕಾಗಿ ಆಳನ್ನು ಹಿಡಿದಿಟ್ಟುಕೊಂಡರೆ ಅದು ಜೀತ, ಅಪರಾಧ. ಮಂಡಳಿಯ ನೆರವು ಸರಿಯಾಗಿ ಸಿಕ್ಕಿದ ಕಡೆ ಈ ಒತ್ತಡ ಕಡಿಮೆಯಾಗಬೇಕು. ಸರಿಯಾಗಿ ಸಿಗುತ್ತಿಲ್ಲ ಎಂಬುದೇ ದೊಡ್ಡ ದೂರು. ಸಂಘಟನೆಗಳು ಹೂಡಿದ್ದ ಮೊಕದ್ದಮೆಯಲ್ಲಿ 2018ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ದೇಶದಲ್ಲಿ 37,400 ಕೋಟಿ ರೂಪಾಯಿಗೂ ಹೆಚ್ಚು ಸೆಸ್ ಸಂಗ್ರಹವಾಗಿದ್ದರೂ ಕಾರ್ಮಿಕರಿಗೆ ಖರ್ಚಾದದ್ದು ಸುಮಾರು 9,500 ಕೋಟಿ ಎಂದು ಗುರುತಿಸಿ ಸರ್ಕಾರಗಳನ್ನು ತರಾಟೆಗೆ ತೆಗೆದುಕೊಂಡಿತು. ಕಟ್ಟಿದವರ ಹಣವೂ ಅಲ್ಲೇ ಕೂತಿತ್ತು, ಪಡೆಯಬೇಕಾದವರೂ ಸಾಲದಲ್ಲೇ ಇದ್ದರು. ಈ ವಿಷಯದಲ್ಲಿ ಸೆಸ್ ಕಟ್ಟುವ ಗುತ್ತಿಗೆದಾರ ಸಂಘದ ಜೊತೆಗೇ ನಿಲ್ಲಬೇಕಿತ್ತು.

ಆಳು ಬಿದ್ದ ದಿನ

ಸಣ್ಣ ಗುತ್ತಿಗೆದಾರನನ್ನು ನಿಜವಾಗಿ ಮುಳುಗಿಸಬಲ್ಲದ್ದು ಕೂಲಿಯೂ ಅಲ್ಲ, ಸೆಸ್ಸೂ ಅಲ್ಲ, ಅಪಘಾತ. ಮೂರನೇ ಮಹಡಿಯ ಸೆಂಟ್ರಿಂಗ್ ಹಲಗೆ ಜಾರಿ 30 ವರ್ಷದ ಆಳೊಬ್ಬ ತೀರಿಕೊಂಡ ಎಂದಿಟ್ಟುಕೊಳ್ಳಿ. 1923ರ ಪರಿಹಾರ ಕಾಯ್ದೆ ಹಾಕಿಕೊಟ್ಟ ಲೆಕ್ಕ ಹೀಗಿದೆ: ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಲೆಕ್ಕಕ್ಕೆ ಹಿಡಿಯುವ ಕೂಲಿಗೆ 2020ರಲ್ಲಿ ಕೇಂದ್ರ ನಿಗದಿ ಮಾಡಿದ ಮಿತಿ 15,000. ಅದರ ಅರ್ಧ 7,500. 30 ವರ್ಷಕ್ಕೆ ಗುಣಕ 207.98. ಗುಣಿಸಿದರೆ 15,59,850 ರೂಪಾಯಿ. 40 ವರ್ಷದವನಾದರೆ ಗುಣಕ 184.17, ಮೊತ್ತ 13,81,275. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ, ಸಕಾರಣವಿಲ್ಲದ ವಿಳಂಬಕ್ಕೆ ಪರಿಹಾರದ ಅರ್ಧದಷ್ಟರವರೆಗೆ ದಂಡ. ವಾರಕ್ಕೆ 57,600 ಹೊಂದಿಸಲು ಒದ್ದಾಡುವವನ ಮುಂದೆ ಈ ಮೊತ್ತ ಬಂದು ನಿಲ್ಲುತ್ತದೆ.

ಸಂಘ ಇಲ್ಲದ ಕಡೆ ಇದು ಮುಗಿಯುವ ರೀತಿ ಬೇರೆ. ಊರಿನ ಹಿರಿಯರು, ಕೆಲವೊಮ್ಮೆ ಠಾಣೆಯವರು ಸೇರಿ ರಾಜಿ ಮಾಡಿಸುತ್ತಾರೆ, ಹೆಣ ಊರಿಗೆ ಸಾಗಿಸುವ ಖರ್ಚಿನ ಜೊತೆ ಒಂದಿಷ್ಟು ಲಕ್ಷ ನಗದು ಕೊಟ್ಟು ಬಿಳಿ ಹಾಳೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಮೇಸ್ತ್ರಿಗೆ ‘ಮುಗಿಯಿತು’ ಅನಿಸುತ್ತದೆ. ಕಾನೂನಿನಲ್ಲಿ ಮುಗಿದಿರುವುದಿಲ್ಲ. ಸಾವಿನ ಪ್ರಕರಣದಲ್ಲಿ ಪರಿಹಾರವನ್ನು ಪರಿಹಾರ ಆಯುಕ್ತರ ಬಳಿಯೇ ಠೇವಣಿ ಇಡಬೇಕು. ಮನೆಯವರ ಕೈಗೆ ನೇರವಾಗಿ ಕೊಟ್ಟದ್ದು, ಮೂರು ತಿಂಗಳ ಕೂಲಿಯಷ್ಟು ಮುಂಗಡವನ್ನು ಬಿಟ್ಟರೆ, ಪರಿಹಾರವೆಂದು ಎಣಿಕೆಗೆ ಬರುವುದಿಲ್ಲ. ಆರು ತಿಂಗಳ ನಂತರ ಸಂಘದವರ ಸಹಾಯದಿಂದ ವಿಧವೆ ಅರ್ಜಿ ಹಾಕಿದರೆ ಪೂರ್ತಿ ಮೊತ್ತ ಮತ್ತೆ ಕೊಡಬೇಕಾಗಬಹುದು. ‘ಒಂದು ಸಲ ಕೊಟ್ಟಿದ್ದೇನೆ, ಯೂನಿಯನ್‌ನವರು ಎತ್ತಿಕಟ್ಟಿದರು’ ಎಂಬ ಮಾತು ಹುಟ್ಟುವುದು ಹೀಗೆ. ಆ ಹೆಣ್ಣುಮಗಳಿಗೆ ಅದು ನ್ಯಾಯವಾಗಿ ಬರಬೇಕಾದ ಹಣ. ಸಂಘ ಮಾಡಿದ್ದು ಅವಳ ಹಕ್ಕಿನ ಕಡೆ ಬೆರಳು ತೋರಿಸಿದ್ದಷ್ಟೆ.

ಜವಾಬ್ದಾರಿ ಯಾರ ಮೇಲೆ ಬೀಳುತ್ತದೆ ಎಂಬುದರಲ್ಲೂ ಒಂದು ವ್ಯತ್ಯಾಸವಿದೆ. ಬಿಲ್ಡರ್ ಕೈಕೆಳಗೆ ಉಪಗುತ್ತಿಗೆ ಮಾಡುತ್ತಿದ್ದರೆ, ಆಳಿನ ಕುಟುಂಬ ಬಿಲ್ಡರಿಂದಲೇ ಪರಿಹಾರ ಕೇಳಬಹುದು, ಬಿಲ್ಡರ್ ಅದನ್ನು ನಂತರ ಮೇಸ್ತ್ರಿಯಿಂದ ವಸೂಲಿ ಮಾಡಬಹುದು. ತನ್ನ ವ್ಯಾಪಾರದ ಕೆಲಸವನ್ನು ಬೇರೆಯವರಿಗೆ ವಹಿಸಿದವರಿಗೆ ಅನ್ವಯಿಸುವ ನಿಯಮ ಅದು. ಸ್ವಂತಕ್ಕೆ ಮನೆ ಕಟ್ಟಿಸುವ ಶಾಲೆಯ ಮೇಷ್ಟರಿಗೆ ಮನೆ ಕಟ್ಟುವುದು ವ್ಯಾಪಾರವಲ್ಲ, ಹಾಗಾಗಿ ಸಾಮಾನ್ಯವಾಗಿ ಹೊರೆ ಪೂರ್ತಿ ಮೇಸ್ತ್ರಿಯದೇ. ಚಿಕ್ಕ ಮನೆ ಕೆಲಸ ಸುರಕ್ಷಿತ ಎಂದುಕೊಂಡವರು ಇದನ್ನು ಗಮನಿಸಬೇಕು. ಇದಕ್ಕೆ ಉಪಾಯ ವರ್ಕ್‌ಮೆನ್ ಕಾಂಪೆನ್ಸೇಷನ್ ವಿಮೆ. ಆಳುಗಳ ಹೆಸರಿಲ್ಲದೆ, ಸಂಖ್ಯೆ ಮತ್ತು ಕೂಲಿಯ ಲೆಕ್ಕದಲ್ಲೂ ಅದು ಸಿಗುತ್ತದೆ. ಸಂಘ ಬಲವಾಗಿರುವ ಊರಿನಲ್ಲಿ ಗುತ್ತಿಗೆದಾರನಿಗೆ ವಿಮೆ ಮಾಡಿಸದೆ ಗತಿಯಿಲ್ಲ. ಅದು ಖರ್ಚೇ, ಆದರೆ ಒಂದೇ ಅಪಘಾತಕ್ಕೆ ಮನೆಮಠ ಮಾರುವುದನ್ನು ತಪ್ಪಿಸುವ ಖರ್ಚು.

ಪೈಪೋಟಿ ಯಾರ ಜೊತೆ?

1982ರ ಏಷ್ಯನ್ ಕ್ರೀಡಾಕೂಟಕ್ಕೆ ದೆಹಲಿಯಲ್ಲಿ ಕ್ರೀಡಾಂಗಣ, ಫ್ಲೈಓವರ್‌ಗಳು ಏಳುತ್ತಿದ್ದಾಗ ಕಾರ್ಮಿಕನ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಅದು ಜಮಾದಾರನ ಕೈಗೆ ಬಂದು, ಅವನು ತಲೆಗೆ ಒಂದು ರೂಪಾಯಿ ಹಿಡಿದುಕೊಂಡು 8.25 ಕೊಡುತ್ತಿದ್ದ. ಸುಪ್ರೀಂ ಕೋರ್ಟಿಗೆ ಹೋದ ಈ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಕೆಲಸ ಮಾಡಿಸಿದ ಸರ್ಕಾರಿ ಸಂಸ್ಥೆಗಳೂ ಗುತ್ತಿಗೆದಾರರ ಕಡೆ ಕೈ ತೋರಿಸಿ ತಪ್ಪಿಸಿಕೊಳ್ಳುವಂತಿಲ್ಲ ಎಂದೂ ಹೇಳಿತು.

ಆ ಜಮಾದಾರನೇ ಇಂದಿನ ಲೇಬರ್ ಕಾಂಟ್ರಾಕ್ಟರ್. ಅವನ ಲಾಭ ತಲೆಗೆ ಒಂದು ರೂಪಾಯಿಯ ಕಡಿತದಿಂದ ಬರಬೇಕಾದ ಸ್ಥಿತಿ ಇದ್ದರೆ, ಅದಕ್ಕೆ ಮೇಲಿನವರು ಕೊಟ್ಟ ದರವೂ ಕಾರಣ. ಒಂದೇ ಬಡಾವಣೆಯಲ್ಲಿ ಇಬ್ಬರು ಮೇಸ್ತ್ರಿಗಳು ಕೊಟೇಶನ್ ಕೊಟ್ಟಾಗ ಸಿಮೆಂಟು, ಕಬ್ಬಿಣದ ಬೆಲೆ ಇಬ್ಬರಿಗೂ ಒಂದೇ. ಒಬ್ಬ ಕಡಿಮೆಗೆ ಕೊಡುತ್ತಾನೆಂದರೆ ಬಹುತೇಕ ಅವನು ಆಳಿನ ಕೂಲಿಯಲ್ಲಿ, ಓಟಿಯಲ್ಲಿ, ಸಾರುವೆಯ ಭದ್ರತೆಯಲ್ಲಿ ಉಳಿಸುತ್ತಿದ್ದಾನೆ. ವಿಮೆ ಮಾಡಿಸಿ, ಸರಿಯಾದ ಕೂಲಿ ಕೊಡುವ ಮೇಸ್ತ್ರಿ ಆ ಪೈಪೋಟಿಯಲ್ಲಿ ಸೋಲುತ್ತಾನೆ. ಕೂಲಿಗೆ ಎಲ್ಲರೂ ಪಾಲಿಸಲೇಬೇಕಾದ ಒಂದು ಕೆಳಮಿತಿ ಇದ್ದಾಗ ಮಾತ್ರ ಅವನಿಗೆ ಕೆಲಸದ ಗುಣಮಟ್ಟದ ಮೇಲೆ ಗೆಲ್ಲುವ ಅವಕಾಶ. ಕನಿಷ್ಠ ಕೂಲಿಯನ್ನು ಕಾಗದದಿಂದ ಸೈಟಿಗೆ ಇಳಿಸುವ ಸಂಘ ನೇರವಾಗಿ ನಡೆಯುವ ಸಣ್ಣ ಗುತ್ತಿಗೆದಾರನಿಗೆ ಎದುರಾಳಿಯಲ್ಲ. ಆದರೆ ಆ ಸಂಘ ಎಲ್ಲ ಸೈಟುಗಳನ್ನೂ ಒಂದೇ ಕಣ್ಣಿನಿಂದ ನೋಡಬೇಕು. ಸುಲಭಕ್ಕೆ ಸಿಗುವ ಚಿಕ್ಕ ಮೇಸ್ತ್ರಿಯ ಮೇಲೆ ದೂರು ಕೊಟ್ಟು ದೊಡ್ಡ ಬಿಲ್ಡರನ್ನು ಬಿಟ್ಟರೆ ಪೈಪೋಟಿ ಇನ್ನಷ್ಟು ಕೆಡುತ್ತದೆ.

2020ರ ಮೇ ತಿಂಗಳಲ್ಲಿ ಈ ಏಣಿಯ ನಿಜರೂಪ ಎಲ್ಲರಿಗೂ ಕಂಡಿತು. ಬಿಲ್ಡರ್‌ಗಳ ಪ್ರತಿನಿಧಿಗಳು ಮುಖ್ಯಮಂತ್ರಿಯನ್ನು ಭೇಟಿಯಾದ ಬೆನ್ನಲ್ಲೇ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ವಿಶೇಷ ರೈಲುಗಳನ್ನು ಕರ್ನಾಟಕ ಸರ್ಕಾರ ರದ್ದು ಮಾಡಿತು. ಕಾರ್ಮಿಕ ಸಂಘಟನೆಗಳು ಮತ್ತು ಸಾರ್ವಜನಿಕರು ಸಿಡಿದೆದ್ದ ಮೇಲೆ ಕೆಲವೇ ದಿನಗಳಲ್ಲಿ ರೈಲುಗಳು ಮತ್ತೆ ಹೊರಟವು. ಬಿಲ್ಡರ್‌ಗಳ ಪರ ಮಾತಾಡುವವರಿದ್ದರು, ಆಳುಗಳ ಪರ ಮಾತಾಡುವವರೂ ಇದ್ದರು. ಶೆಡ್ಡಿನಲ್ಲಿದ್ದ ಗ್ಯಾಂಗಿಗೆ ಅಕ್ಕಿ ತಂದು ಹಾಕುತ್ತ, ಬರದ ಬಿಲ್ಲಿಗೆ ಫೋನ್ ಮಾಡುತ್ತ ಕೂತಿದ್ದ ಮೇಸ್ತ್ರಿಯ ಪರ ಮಾತಾಡುವವರು ಯಾರೂ ಇರಲಿಲ್ಲ.

ಹೊಸ ಸಂಹಿತೆಗಳು ಮತ್ತು ಮೇಸ್ತ್ರಿಯ ಸಂಘ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮೇಲೆ ಹೇಳಿದ 1923, 1926, 1996ರ ಕೇಂದ್ರ ಕಾಯ್ದೆಗಳು, 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಎಲ್ಲ ಅವುಗಳೊಳಗೆ ಸೇರಿವೆ, ಪರಿಹಾರದ ಮೂಲ ಚೌಕಟ್ಟು ಹೆಚ್ಚು ಕಡಿಮೆ ಹಾಗೇ ಮುಂದುವರಿದಿದೆ. ಸಣ್ಣವರಿಗೆ ನೇರವಾಗಿ ತಗಲುವ ಬದಲಾವಣೆಗಳು ಎರಡು. ಗುತ್ತಿಗೆ ಕಾರ್ಮಿಕರ ನಿಯಮಗಳು ಅನ್ವಯಿಸುವ ಮಿತಿ ಕೇಂದ್ರ ಕಾಯ್ದೆಯಲ್ಲಿ 20 ಜನ ಇದ್ದದ್ದು ಈಗ 50. ಸ್ವಂತ ವಾಸದ ಮನೆಗೆ 10 ಲಕ್ಷದ ವೆಚ್ಚದವರೆಗೆ ಇದ್ದ ಸೆಸ್ ವಿನಾಯಿತಿ 50 ಲಕ್ಷಕ್ಕೆ ಏರಿದೆ. ಮನೆ ಕೆಲಸ ಮಾಡುವ ಮೇಸ್ತ್ರಿಗೆ ಕಾಗದಪತ್ರದ ಕೆಲಸ ಕಡಿಮೆಯಾಯಿತು, ಮನೆ ಕಟ್ಟಿಸುವವರಿಗೆ ಸೆಸ್ ಉಳಿಯಿತು. ಸಂಘಟನೆಗಳು ಇದನ್ನು ವಿರೋಧಿಸುವುದಕ್ಕೆ ಕಾರಣವಿದೆ: ಸಣ್ಣ ಮನೆಗಳಲ್ಲಿ ದುಡಿಯುವವರ ಸಂಖ್ಯೆ ಕಡಿಮೆಯಾಗುವುದಿಲ್ಲ, ಅವರ ಪಿಂಚಣಿಗೆ ಬರುವ ಹಣ ಕಡಿಮೆಯಾಗುತ್ತದೆ. ಆ ಕೊರತೆ ಬಿದ್ದಾಗ ಆಳು ಮತ್ತೆ ಅಡ್ವಾನ್ಸ್ ಕೇಳಲು ಬರುವುದು ಮೇಸ್ತ್ರಿಯ ಮನೆಗೇ.

ಹಣ ಬಾರದಿದ್ದಾಗ ಯಾರಿಗೆ ಏನು ದಾರಿ ಇದೆ ಎಂಬುದನ್ನೂ ಹೋಲಿಸಿ ನೋಡಬೇಕು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು ಎಂಬ ನಿಯಮ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿತ್ತು, ಹೊಸ ಸಂಹಿತೆಯಲ್ಲೂ ಇದೆ. ಮೇಲಿನವನು ಮೇಸ್ತ್ರಿಯ ಬಿಲ್ ಕೊಡದಿದ್ದರೆ ಅಂಥ ಏಣಿ ಇಲ್ಲ. ಸಣ್ಣ ಉದ್ಯಮಗಳ 2006ರ ಕಾಯ್ದೆ 45 ದಿನದೊಳಗೆ ಪಾವತಿಸಬೇಕು, ತಪ್ಪಿದರೆ ಚಕ್ರಬಡ್ಡಿ ಎನ್ನುತ್ತದೆ, ಆದರೆ ಸಾಮಗ್ರಿ ಮತ್ತು ಶ್ರಮ ಎರಡೂ ಸೇರಿದ ಕಾಮಗಾರಿ ಗುತ್ತಿಗೆಗೆ ಅದು ಅನ್ವಯಿಸುವುದಿಲ್ಲ ಎಂದು ಕೆಲವು ಹೈಕೋರ್ಟ್ ತೀರ್ಪುಗಳಿವೆ. ಆಳುಗಳ ಹಿಂದೆ ನೂರು ವರ್ಷದ ಸಂಘಟನೆಯ ಅನುಭವವಿದೆ, ಅದಕ್ಕೇ ಅವರ ಕೂಲಿಗೆ ಕಾನೂನಿನ ಬೆಂಬಲ ಬಂದಿದೆ.

ಹೆಚ್ಚಿನ ಗುತ್ತಿಗೆದಾರರ ಗಮನಕ್ಕೆ ಬಾರದ ಒಂದು ಅವಕಾಶ ಇಲ್ಲಿದೆ. 1926ರ ಕಾಯ್ದೆಯ ವ್ಯಾಖ್ಯೆಯಲ್ಲಿ ‘ಕಾರ್ಮಿಕ ಸಂಘ’ ಎಂದರೆ ಕಾರ್ಮಿಕರ ಮತ್ತು ಮಾಲೀಕರ ನಡುವಿನ ಸಂಬಂಧವನ್ನು ಕ್ರಮಪಡಿಸುವ ಕೂಟ ಮಾತ್ರ ಅಲ್ಲ, ಮಾಲೀಕರ ಮತ್ತು ಮಾಲೀಕರ ನಡುವಿನ ಸಂಬಂಧದ್ದೂ ಆಗಬಹುದಿತ್ತು. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದೇ ಮಾತನ್ನು ಉಳಿಸಿಕೊಂಡಿದೆ. ಉಪಗುತ್ತಿಗೆದಾರ ಮತ್ತು ಮುಖ್ಯ ಗುತ್ತಿಗೆದಾರ ಇಬ್ಬರೂ ಮಾಲೀಕರೇ. ಏಳು ಜನ ಮೇಸ್ತ್ರಿಗಳು ಸೇರಿ ನೋಂದಣಿಗೆ ಅರ್ಜಿ ಹಾಕಬಹುದು. ಎಲ್ಲರೂ ಸೇರಿ ಚದರಕ್ಕೆ ಇಷ್ಟೇ ದರ ಎಂದು ಕಟ್ಟು ಹಾಕಿದರೆ 2002ರ ಸ್ಪರ್ಧಾ ಕಾಯ್ದೆ ಅಡ್ಡ ಬರುತ್ತದೆ, ಅದನ್ನು ಮುಟ್ಟಬಾರದು. ಲಿಖಿತ ಕರಾರು, ಅಳತೆಯಾದ ಇಷ್ಟು ದಿನದೊಳಗೆ ಬಿಲ್, ಕೊಟೇಶನ್ನಿನಲ್ಲಿ ವಿಮೆಯ ಮೊತ್ತಕ್ಕೆ ಬೇರೆ ಸಾಲು, ಸಾರುವೆ ಮತ್ತು ಸೇಫ್ಟಿ ಬೆಲ್ಟಿನ ಖರ್ಚು ಮುಖ್ಯ ಗುತ್ತಿಗೆದಾರನದು, ಇವಿಷ್ಟನ್ನು ಒಟ್ಟಾಗಿ ಕೇಳಬಹುದು. ಇವುಗಳಲ್ಲಿ ವಿಮೆ ಮತ್ತು ಸುರಕ್ಷತೆಯನ್ನು ಕಟ್ಟಡ ಕಾರ್ಮಿಕರ ಸಂಘಗಳೂ ಬಹುಕಾಲದಿಂದ ಕೇಳುತ್ತಿವೆ, ಆ ಬೇಡಿಕೆಗೆ ಎರಡೂ ಕಡೆಯವರು ಒಂದೇ ಅರ್ಜಿಯಲ್ಲಿ ಸಹಿ ಹಾಕಿ ಕಾರ್ಮಿಕ ಇಲಾಖೆಗೆ ಹೋಗುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.